ಕುಂದಾ ಹಂಚಿದ ದಿನ ಸೇತುವೆಯ ಮೇಲೆ ಬಿದ್ದ ಏಟು

ನನ್ನ ಮಗಳಿಗೆ ಎರಡನೆಯ ಹೆರಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಆಯಿತು. ನರ್ಸಮ್ಮ ಹೊರಗೆ ಬಂದು ಯಾರೋ ಸತ್ತ ಸುದ್ದಿ ತಿಳಿಸುವವಳ ಹಾಗೆ ದನಿ ಇಳಿಸಿ, "ಎರಡನೇದೂ ಹೆಣ್ಣ ಐತ್ರಿ ಅಜ್ಜಾರ" ಅಂದಳು. "ಐತೇನವ್ವಾ? ಭಾಳ ಚಲೋ ಆತಲ್ಲ!" ಎಂದು ನಾನು ಕೂಗಿದ್ದಕ್ಕೆ ಸಾಲಾಗಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಮೊದಲನೆಯವಳು ನಮ್ಮ ಮನೆಗೆ ತಂದ ಬೆಳಕು ಎಂಥದೆಂದು ಅವರಿಗೇನು ಗೊತ್ತು? ಅಂಥವಳೇ ಇನ್ನೊಬ್ಬಳು ಬಂದಳೆಂದರೆ ನಾನು ಕುಣಿಯಬಾರದೇ?

ಹೊರಗೆ ಹೋಗಿ ನಮ್ಮ ಬೆಳಗಾವಿಯ ಸಿಹಿ, ಕುಂದಾ ತಂದೆ. ವಾಚಮನ್‌ನಿಗೆ ಕೊಟ್ಟೆ, ಕಸ ಗುಡಿಸುವಾಕೆಗೆ ಕೊಟ್ಟೆ, ಪಕ್ಕದ ಮಂಚದವರಿಗೆ ಕೊಟ್ಟೆ. ಅಳಿಯ ನಾಚಿಕೊಂಡು, "ಮಾವಾರ, ಸಾಕ್ರಿ, ಡಾಕ್ಟರ ಬೈತಾರ" ಅಂದ. ಒಳ್ಳೆಯ ಹುಡುಗ. ಫೌಂಡ್ರಿಯಲ್ಲಿ ಕೆಲಸ, ರಾಮತೀರ್ಥ ನಗರದಲ್ಲಿ ಬಾಡಿಗೆ ಮನೆ. ಅವನು ಬಾಣಂತಿಯ ಹತ್ತಿರ ಇರಬೇಕಾಗಿತ್ತು. ಹೀಗಾಗಿ ಹಿರಿಯ ಮೊಮ್ಮಗಳನ್ನು ಖಾನಾಪುರದ ನಮ್ಮ ಮನೆಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಆಕೆಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಅವ್ವನನ್ನು ಬಿಟ್ಟು ಬರಲು ಅವಳಿಗೆ ಮನಸ್ಸಿಲ್ಲ. ಮಂಚದ ಕಾಲು ಹಿಡಿದುಕೊಂಡಿದ್ದವಳನ್ನು ಬಿಡಿಸಿ ಎತ್ತಿಕೊಂಡೆ.

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಹಂಚಿನ ಕಾರ್ಖಾನೆಯ ಮಣ್ಣು, ಭಟ್ಟಿಯ ಬೆಂಕಿ. ಅದರಲ್ಲೇ ಕೂದಲು ಹಣ್ಣಾದವು. ಬರೆಯುವುದು ನನ್ನ ಕೆಲಸವಲ್ಲ. ಆದರೂ ಈ ಸಂಗತಿ ಬರೆಯದಿದ್ದರೆ ನನ್ನ ಎದೆ ಒಡೆದುಹೋದೀತು. ಸಂಕಟದಿಂದ ಅಂತ ತಿಳಿಯಬೇಡಿ. ಸಂತೋಷ ಹೆಚ್ಚಾಗಿ.

ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಪೀರನವಾಡಿ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ನನ್ನ ಮಗಳ ಹೆರಿಗೆಯ ಸುದ್ದಿ ಗೊತ್ತಾಗಿತ್ತು. ಕಂಡಕ್ಟರ್ ಒಬ್ಬ ಹೆಣ್ಣುಮಗಳು, ಗಟ್ಟಿ ದನಿಯವಳು.

"ಅಜ್ಜಾರ, ಮೊದಲ ಟಿಕೆಟ್ ತಗೋರಿ, ಆಮ್ಯಾಲ ಪೇಢೆ ಹಂಚೀರಂತ."

"ಪೇಢೆ ಅಲ್ರಿ ಅಕ್ಕಾರ, ಕುಂದಾ. ಬಾಯಿ ತೆಗೀರಿ."

"ಏ, ಕೈಯಾಗ ಕೊಡ್ರಿ! ಎರಡನೇ ಹೆಣ್ಣಿಗೆ ಇಷ್ಟ ಕುಣಿಯೋ ಮನಷ್ಯಾನ್ನ ನಾ ನೋಡೇ ಇಲ್ಲ ಬಿಡ್ರಿ." ಹಾಗೆ ಅನ್ನುತ್ತಲೇ ನನ್ನ ಮೊಮ್ಮಗಳ ಗಲ್ಲ ಹಿಂಡಿ, "ಅಕ್ಕ ಆದಿ ನೋಡವ್ವಾ ಇವತ್ತ" ಅಂದಳು. ಕೂಸು ಮುಖ ತಿರುಗಿಸಿ ಕಿಟಕಿಯ ಸರಳು ನೆಕ್ಕಿತು.

ಖಾನಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ನಮ್ಮ ಮನೆ ಹೊಳೆಯ ಆಚೆ ದಡಕ್ಕೆ, ಸೇತುವೆ ಇಳಿದರೆ ಬಂದೇಬಿಟ್ಟಿತು. ಅಲ್ಲಿ ಬಸ್ಸಿಗೆ ಸ್ಟಾಪ್ ಇಲ್ಲ. ನಾನು ಇಳಿದು ನಡೆದೆ.

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಸಣ್ಣ ಕೂಸನ್ನು ಎತ್ತಿಕೊಂಡು ಹೊಳೆ ದಾಟುವಾಗ ಅದರ ತಲೆ ಮುಖವೆಲ್ಲ ಬಟ್ಟೆಯಿಂದ ಮುಚ್ಚಬೇಕು. ಎತ್ತಿಕೊಂಡವರು ಆಚೆ ದಡ ಮುಟ್ಟುವತನಕ ಮಾತಾಡಬಾರದು. ನಮ್ಮವ್ವ ನನ್ನನ್ನು ಹಾಗೆ ದಾಟಿಸಿದ್ದಳು, ನನ್ನ ಹೆಂಡತಿ ಮಗಳನ್ನು ಹಾಗೆ ದಾಟಿಸಿದಳು. ನಾನೂ ಹೆಗಲ ಮೇಲಿನ ಶಾಲು ತೆಗೆದು ಕೂಸಿನ ಮೇಲೆ ಹೊದಿಸಿ, ಬಾಯಿ ಬಿಗಿದುಕೊಂಡು ಸೇತುವೆ ಹತ್ತಿದೆ. ಮಲಪ್ರಭೆ ತುಂಬಿ ಕೆಂಪಾಗಿ ಹರಿಯುತ್ತಿತ್ತು.

ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೋ ಸುತ್ತುತ್ತಿತ್ತು. ಯಾರೋ ಮಕ್ಕಳನ್ನು ಮುಚ್ಚಿಕೊಂಡು ಹೊತ್ತೊಯ್ಯುತ್ತಾರಂತೆ. ಎಲ್ಲಿಯದು, ಯಾವಾಗಿನದು ಒಬ್ಬರಿಗೂ ಗೊತ್ತಿಲ್ಲ. ನಮ್ಮಾಕೆಯೂ ನೋಡಿ ಹೆದರಿ, "ಕೂಸಿನ್ನ ಗಟ್ಟ್ಯಾಗಿ ಹಿಡಕೊಂಡ ಬರ್ರಿ" ಎಂದು ಫೋನಿನಲ್ಲಿ ಹೇಳಿದ್ದಳು. ನಾನು ಗಟ್ಟಿಯಾಗಿಯೇ ಹಿಡಿದಿದ್ದೆ. ಶಾಲಿನೊಳಗಿಂದ ಅದು, "ಬಿಡು, ನಾ ಮಮ್ಮಿ ಕಡೆ ಹೋಗ್ತೀನಿ, ಬಿಡು" ಎಂದು ಒದೆಯುತ್ತ ಅಳುತ್ತಿತ್ತು.

ಮೋಟರ್‌ಸೈಕಲ್ ಒಂದು ನನ್ನನ್ನು ದಾಟಿ ಹೋಗಿ ಮತ್ತೆ ತಿರುಗಿ ಬಂತು. ಇಬ್ಬರಿದ್ದರು.

"ಏ ಮುದುಕಾ, ಯಾರ ಕೂಸದು?"

ನಾನು ಮಾತಾಡಲಿಲ್ಲ. ಕೈ ಮುಂದೆ ಮಾಡಿ ಮನೆಯ ದಿಕ್ಕು ತೋರಿಸಿದೆ, ನಡೆದೆ.

"ಬಾಯಿ ಇಲ್ಲೇನ ಲೇ? ಮುಚ್ಚಿಕೊಂಡ ಎಲ್ಲಿಗೆ ಒಯ್ಯಾಕತ್ತಿ?"

ಆಚೆ ದಡದ ಹುಣಸೆಮರ ಕಾಣುತ್ತಿತ್ತು. ಅಲ್ಲಿಗೆ ಹೋಗಿ ನಿಂತು ನಗುತ್ತ ಹೇಳಿದರಾಯಿತು, ಇವರ ಕೈಗೂ ಕುಂದಾ ಇಟ್ಟರಾಯಿತು ಅಂತ ನನ್ನ ಲೆಕ್ಕ. ಬೇಗ ಬೇಗ ಹೆಜ್ಜೆ ಹಾಕಿದೆ. ಅದೇ ತಪ್ಪಾಯಿತು. ಓಡುತ್ತಿದ್ದಾನೆ ಅಂದುಕೊಂಡರು. ಒಬ್ಬ ಹಿಂದಿನಿಂದ ಶಾಲು ಎಳೆದ. ಅತ್ತು ಅತ್ತು ಕೆಂಪಾದ ಮುಖ ಹೊರಗೆ ಬಂದು, "ಮಮ್ಮೀ" ಎಂದು ಚೀರಿತು. ಇನ್ನೊಬ್ಬ ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಬಾಯಿಗೆ ಬೀಸಿದ.

ಆಗ ನಾನು ರೂಢಿ ಮುರಿದೆ. "ನನ್ನ ಮೊಮ್ಮಗಳು" ಎಂದೆ. ಆದರೆ ಬಾಯಿ ತುಂಬ ರಕ್ತ, ಹಲ್ಲಿನ ಚೂರು. ಹೊರಗೆ ಬಂದದ್ದು ಮಾತಲ್ಲ, ಬರೀ ಗೊರಗೊರ ಸದ್ದು.

ಕೂಸನ್ನು ಕಿತ್ತುಕೊಂಡರು. ಅದರ ಕೈಬಳೆ ಒಡೆದು ನನ್ನ ಅಂಗಿಗೆ ಸಿಕ್ಕಿಕೊಂಡಿತು. ಜನ ಎಲ್ಲಿಂದ ಬಂದರೋ! ಸೇತುವೆಯ ಎರಡೂ ಕಡೆಯಿಂದ ಓಡಿ ಬಂದರು. "ಧರಾ ತ್ಯಾಲಾ, ಹಿಡೀರಿ ಅವನ್ನ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಕೂಗು. ಬೆನ್ನಿಗೆ ಒದ್ದರು, ಬಿದ್ದೆ. ಬಿದ್ದವನ ಪಕ್ಕೆಗೆ ಒದ್ದರು. ಒಳಗೆ ಏನೋ ಒಣ ಕಟ್ಟಿಗೆ ಮುರಿದ ಹಾಗೆ ಆಯಿತು, ಉಸಿರು ನಿಂತಿತು. ಕೈ ಅಡ್ಡ ಹಿಡಿದೆ, ಕೈ ಮೇಲೆ ಬೂಟುಗಾಲಿಟ್ಟು ತಿರುವಿದರು. ನಾನು ಜನ್ಮದಲ್ಲಿ ಕಂಡಿರದ ಒಬ್ಬ ಮನುಷ್ಯ, ಬಾಜಾರ ಮುಗಿಸಿ ಹೊರಟವನು, ತರಕಾರಿ ಚೀಲ ಪಕ್ಕಕ್ಕಿಟ್ಟು ಬಂದು ನನ್ನ ಕಿವಿಗೆ ಹೊಡೆದು, ಮತ್ತೆ ಚೀಲ ಎತ್ತಿಕೊಂಡು ಹೋದ. ಅವನ ಚೀಲದಲ್ಲಿ ಮೂಲಂಗಿ ಇದ್ದವು. ಅಷ್ಟು ಸ್ಪಷ್ಟ ಕಂಡೆ. ಆಮೇಲೆ ಆ ಕಿವಿ ಕೇಳಲಿಲ್ಲ, ಇಂದಿಗೂ ಕೇಳುವುದಿಲ್ಲ.

ಹೆಲ್ಮೆಟ್‌ನವನ ಮುಖ ಆಗ ಕಂಡಿತು. ನನ್ನ ಜೊತೆ ಭಟ್ಟಿಯಲ್ಲಿ ದುಡಿದ ಗೆಳೆಯನ ಮಗ! ಸಣ್ಣವನಿದ್ದಾಗ ನನ್ನ ತೊಡೆಯ ಮೇಲೆ ಕುಳಿತು ಮಂಡಕ್ಕಿ ತಿಂದವನು, ಈಚೆಗೆ ವರ್ಷಗಟ್ಟಲೆ ನಮ್ಮ ಮನೆಯ ಕಡೆ ಬಂದಿರಲಿಲ್ಲ. ನನ್ನ ಮುಖ ಆ ಹೊತ್ತಿಗೆ ಮುಖದ ಹಾಗೆ ಉಳಿದಿರಲಿಲ್ಲ, ಅವನಿಗೆ ಗುರುತು ಸಿಗಲಿಲ್ಲ. ಅವನ ಹೆಸರು ಹಿಡಿದು ಕರೆಯಲು ನೋಡಿದೆ. ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ನನ್ನ ಕಿಸೆಯಲ್ಲಿ ಫೋನು ರಿಂಗಾಯಿತು. ಯಾರೋ ತೆಗೆದು ಸ್ಪೀಕರ್ ಹಾಕಿದರು.

"ಅಪ್ಪಾ, ಮುಟ್ಟೀರೇನು? ಕೂಸು ಅಳಾಕತ್ತೇತೇನು?"

ನನ್ನ ಮಗಳು. ಬೆಳಿಗ್ಗೆ ಹೆತ್ತವಳು.

"ಯಾರವ್ವಾ ನೀ? ಇವಗೇನ ಆಗಬೇಕು?"

"ನಾ ಅವರ ಮಗಳ್ರಿ. ಅದು ನನ್ನ ಕೂಸು. ನೀವ್ಯಾರು? ಅಪ್ಪಾ?"

"ಇಕೀನೂ ಗ್ಯಾಂಗಿನಾಕೀನ! ಹೊಡೀರಿ ಲೇ!"

ಫೋನನ್ನು ಯಾರೂ ಬಂದ್ ಮಾಡಲಿಲ್ಲ. ಅಪ್ಪನಿಗೆ ಬೀಳುವ ಏಟು, ತನ್ನ ಕೂಸಿನ ಚೀರಾಟ ಎರಡನ್ನೂ ಅವಳು ಆಸ್ಪತ್ರೆಯ ಮಂಚದ ಮೇಲೆ ಕುಳಿತು ಕೇಳಿದಳು.

ನನ್ನನ್ನು ಕಾಲು, ಕೈ ಹಿಡಿದು ಎತ್ತಿದರು. ಬೆನ್ನಿಗೆ ಸೇತುವೆಯ ಕಟ್ಟೆ ತಾಗಿತು. "ಹೊಳಿಗೆ ಒಗೀರಿ" ಎಂದು ಯಾರೋ ಅಂದರು, ಯಾರೋ ನಕ್ಕರು, ಯಾರೋ ಮೊಬೈಲ್ ಎತ್ತರಕ್ಕೆ ಹಿಡಿದು ಶೂಟಿಂಗ್ ಮಾಡುತ್ತಿದ್ದರು. ತಲೆ ಕೆಳಗಾದಾಗ ಕೆಂಪು ನೀರು ಆಕಾಶದ ಜಾಗದಲ್ಲಿ ಕಂಡಿತು.

ಆಗ ಸೀಟಿ ಕೇಳಿತು. ಕಿವಿ ಹರಿಯುವ ಹಾಗೆ, ನಿಲ್ಲಿಸದೆ, ಮೇಲಿಂದ ಮೇಲೆ. ನಾನು ಇಳಿದ ಬಸ್ಸೇ ಸ್ಟ್ಯಾಂಡಿನಿಂದ ಹೊರಟು ಬಂದು, ಜನರ ನಡುವೆ ಸಿಕ್ಕಿ ನಿಂತಿತ್ತು. ಕಂಡಕ್ಟರ್ ಇಳಿದು ಮೊಣಕೈಯಿಂದ ದಾರಿ ಮಾಡಿಕೊಂಡು ಒಳಗೆ ನುಗ್ಗಿದಳು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಕೂಸು.

"ಏ, ಈಕಿ ಕುಂದಾದ ಅಜ್ಜನ ಮೊಮ್ಮಗಳು! ಅಜ್ಜ ಎಲ್ಲಿ? ಅಯ್ಯಯ್ಯ, ಇಳಸ್ರಿ, ಇಳಸ್ರಿ ಅವರನ್ನ!"

"ಅಕ್ಕಾರ, ನೀವು ಬಾಜೂಕ ಸರೀರಿ. ಮಕ್ಕಳ ಕಳ್ಳ ಅದಾನ."

"ಯಾರಂದ್ರು ನಿನಗ? ನನ್ನ ಬಸ್ಸಿನ್ಯಾಗ ಬಂದಾರ ಅವರು. ಖರೇನ ಕಳ್ಳ ಇದ್ರೂ ಪೊಲೀಸರಿಗೆ ಫೋನ್ ಹಚ್ಚೂದು ಬಿಟ್ಟು ಕೊಲ್ಲಾಕ ನಿಂಗ ಯಾರು ಪರವಾನಗಿ ಕೊಟ್ಟಾರೋ? ಡ್ರೈವರ್ ಸಾಹೇಬ್ರ, ಗಾಡಿ ಅಡ್ಡ ಹಚ್ರಿ, ಒಬ್ಬಾನೂ ಹೋಗಬಾರದು!"

ಬಸ್ಸಿನ ಹೆಂಗಸರು ಇಳಿದು ಬಂದರು, ನನ್ನ ಕೈಯ ಕುಂದಾ ತಿಂದವರು. ನನ್ನ ಸುತ್ತ ಕುಳಿತರು. ಒಬ್ಬಾಕೆ ಸೆರಗು ಹರಿದು ನನ್ನ ತಲೆಗೆ ಕಟ್ಟಿದಳು. ಪೊಲೀಸರು ಬರುವತನಕ ಕಂಡಕ್ಟರ್ ಸೀಟಿ ಊದುತ್ತಲೇ ಇದ್ದಳು. ನನ್ನ ಬಾಯಿಯ ಸಡಗರವೇ ನನ್ನನ್ನು ಉಳಿಸಿತು ಅಂತ ನಮ್ಮಾಕೆ ಈಗಲೂ ಅನ್ನುತ್ತಾಳೆ. ಇಷ್ಟು ವರ್ಷ ಅದೇ ಬಾಯಿಗೆ ಬೈದವಳು.

ತಾಲೂಕಿನ ಆಸ್ಪತ್ರೆಯಿಂದ ಮತ್ತೆ ಬೆಳಗಾವಿಗೇ ಒಯ್ದರು. ಮಗಳು ಒಂದು ಆಸ್ಪತ್ರೆ, ಅಪ್ಪ ಇನ್ನೊಂದು. ಪಕ್ಕೆಲುಬು ಮುರಿದಿದ್ದವು, ಮಣಿಕಟ್ಟು ಪುಡಿಯಾಗಿತ್ತು, ಮುಂದಿನ ಹಲ್ಲು ಹೋಗಿದ್ದವು. ಅವೆಲ್ಲ ಸಹಿಸಬಹುದು. ಸಹಿಸಲಾಗದ್ದು ಮರುದಿನ ಬಂತು. ಅಳಿಯ ಮೊಮ್ಮಗಳನ್ನು ಎತ್ತಿಕೊಂಡು ಬಂದ, ಅಜ್ಜ ಆರಾಮ ಇದ್ದಾನೆಂದು ತೋರಿಸಲು. ಅವಳು ನನ್ನ ಊದಿದ ಮುಖ, ಪಟ್ಟಿ ಸುತ್ತಿದ ತಲೆ ನೋಡಿದಳು. ಅಪ್ಪನ ಕುತ್ತಿಗೆ ಹತ್ತುತ್ತ ಚೀರಿದಳು: "ಕಳ್ಳ! ಕಳ್ಳ ಬಂದ! ಹೊಡೀರಿ!"

ಸೇತುವೆಯ ಮೇಲೆ ಅವಳು ಕೇಳಿದ್ದು ಅದೇ ಮಾತು. ಅಷ್ಟು ಜನ ದೊಡ್ಡವರು ಕೂಗಿ ಹೇಳಿದ್ದು ಸುಳ್ಳೆಂದು ಅಷ್ಟು ಸಣ್ಣ ಜೀವ ಹೇಗೆ ತಿಳಿಯಬೇಕು? ಮನೆಗೆ ಹೋದ ಮೇಲೂ ಅವ್ವನನ್ನು ಕೇಳುತ್ತಿದ್ದಳಂತೆ, "ಅಜ್ಜ ಕಳ್ಳ ಅದಾನೇನು?" ನನ್ನ ಹೆಸರು ಎತ್ತಿದರೆ ಮಂಚದ ಕೆಳಗೆ ಹೋಗುತ್ತಿದ್ದಳಂತೆ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಈ ಕೂಸು ಇನ್ನು ನನ್ನ ಹತ್ತಿರ ಬಾರದಿದ್ದರೆ ಉಳಿದು ಮಾಡುವುದೇನು? ಹೊಳೆಗೆ ಹಾಕಿದ್ದರೂ ಆಗುತ್ತಿತ್ತಲ್ಲ ಅನಿಸಿತು.

ಅದೇ ವಾರ ಊರ ಹಿರಿಯರು ಬಂದರು. ಜೊತೆಗೆ ಭಟ್ಟಿಯ ಗೆಳೆಯ, ತಲೆ ತಗ್ಗಿಸಿಕೊಂಡು. ಬಾಳೆಹಣ್ಣು ತಂದಿದ್ದರು. ಒಂದು ಕಾಗದವನ್ನೂ ಬರೆಸಿ ತಂದಿದ್ದರು.

"ಆದದ್ದು ಆಗಿ ಹೋತು. ಹುಡುಗರು ತಿಳೀದ ಮಾಡ್ಯಾರ. ಕೂಸಿನ್ನ ಉಳಸೂಣು ಅಂತ ಮಾಡ್ಯಾರ, ಮನಸ್ಸು ಚಲೋನ ಐತಿ. ಇದಕ್ಕೊಂದು ಸಹಿ ಮಾಡಿಬಿಡು."

"ಓದಿ ಹೇಳ್ರಿ" ಅಂದೆ.

"ಓದೂದೇನೈತಿ, ಎಲ್ಲಾ ಬರೋಬ್ಬರ ಐತಿ."

"ಬರೋಬ್ಬರ ಇದ್ರ ಓದಾಕ ಯಾಕ ಅಂಜತೀರಿ?"

ಓದಿದರು. ಸೇತುವೆಯ ಮೇಲೆ ನೂಕಾಟವಾಗಿ ನಾನು ಕಾಲು ಜಾರಿ ಬಿದ್ದೆನಂತೆ. ಯಾರ ಮೇಲೂ ನನ್ನದು ತಕರಾರು ಇಲ್ಲವಂತೆ.

ನನಗಿಂತ ಮೊದಲು ನಮ್ಮಾಕೆ ಎದ್ದಳು. "ಕಾಲು ಜಾರಿ ಬಿದ್ದ್ರ ಬೆನ್ನ ಮ್ಯಾಲ ಬೂಟಿನ ಗುರುತು ಹ್ಯಾಂಗ ಮೂಡತಾವರಿ ಯಜಮಾನ್ರ? ಇಷ್ಟ ವರ್ಷ ಸಂಸಾರ ಮಾಡೇನಿ. ನನ್ನ ಗಂಡನ್ನ ಹೊಡ್ಯಾಕ ನನಗ ಹಕ್ಕಿಲ್ಲ, ನಿಮ್ಮ ಹುಡುಗರಿಗೆ ಎಲ್ಲಿಂದ ಬಂತು?"

ನಗು ಬಂದು ಪಕ್ಕೆ ಹಿಡಿದುಕೊಂಡೆ, ಪ್ರಾಣ ಹೋಗುವಷ್ಟು ನೋವು.

ಗೆಳೆಯ ನನ್ನ ಕಾಲು ಮುಟ್ಟಲು ಬಾಗಿದ. "ಇದ್ದೊಬ್ಬ ಮಗ. ಜೇಲಿಗೆ ಹೋದ್ರ ಅವನ ಬಾಳೇವು ಹೋಗತೈತೋ. ಇಬ್ರೂ ಒಂದ ಭಟ್ಟ್ಯಾಗ ಸುಟಗೊಂಡವರು."

ಅವನ ಕೈ ಹಿಡಿದುಕೊಂಡೆ. ಆ ಕೈಯ ಗಂಟು ಗಂಟು ನನಗೆ ಗೊತ್ತು. "ದೋಸ್ತ, ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ. ಖರೇ ನಾ ಇದಕ್ಕ ಸಹಿ ಮಾಡಿದ್ರ, ನನ್ನ ಮೊಮ್ಮಗಳು ಸಾಯೋತನಕ ಅಜ್ಜ ಕಳ್ಳ ಇದ್ದ, ಊರವರು ಮಾಫಿ ಮಾಡಿ ಬಿಟ್ರು ಅಂತ ತಿಳೀತಾಳ. ತಪ್ಪ ಯಾರದು ಅಂತ ಆಕೀಗೆ ಗೊತ್ತಾಗಬೇಕು. ಅಷ್ಟ."

"ಕೋರ್ಟಿಗೆ ಅಲೆದಾಡಿ ಸಾಯ್ತೀ ನೀ" ಅಂದರು ಹಿರಿಯರು. ಬಾಳೆಹಣ್ಣನ್ನು ಮರಳಿ ಒಯ್ದರು. ನಮ್ಮಾಕೆಗೆ ಅದೊಂದು ಸಿಟ್ಟು ಇನ್ನೂ ಇದೆ.

ಹೇಳಿಕೆ ತೆಗೆದುಕೊಳ್ಳಲು ಒಬ್ಬ ಹೆಣ್ಣು ಪೊಲೀಸ್ ಅಧಿಕಾರಿ ಬಂದರು, ನನ್ನ ಮಗಳ ವಯಸ್ಸಿನವರು. ಬರೆದದ್ದನ್ನೆಲ್ಲ ಎರಡು ಸಲ ಓದಿ ಹೇಳಿದರು, ಮೊದಲು ಕಾಗದದಲ್ಲಿ ಇದ್ದ ಹಾಗೆ, ಆಮೇಲೆ ನಮ್ಮ ಆಡುಮಾತಿನಲ್ಲಿ. ತರಕಾರಿ ಚೀಲದವನನ್ನೂ ಬರೆಯಿರಿ ಎಂದೆ, ಬರೆದರು. ಎಫ್‌ಐಆರ್‌ನ ಒಂದು ಪ್ರತಿ ಪುಕ್ಕಟೆ ನನ್ನ ಕೈಗೆ ಬರಬೇಕು, ವಕೀಲರನ್ನು ಹಿಡಿಯುವ ಶಕ್ತಿ ಇಲ್ಲದಿದ್ದರೆ ಕೋರ್ಟಿನ ಕಾನೂನು ಸೇವೆಯವರನ್ನು ಕೇಳಬಹುದು, ಯಾರಾದರೂ ಬಂದು ಹೆದರಿಸಿದರೆ ಅದನ್ನೂ ತಿಳಿಸಬೇಕು ಎಂದರು. ಇವೆಲ್ಲ ನನ್ನ ಹಕ್ಕುಗಳಂತೆ. ಇಷ್ಟು ವರ್ಷ ಪೊಲೀಸ್ ಠಾಣೆಯ ಮುಂದೆ ಚಪ್ಪಲಿ ಸದ್ದು ಮಾಡದೆ ನಡೆದವನು ನಾನು. ನನಗೂ ಹಕ್ಕು! ಆ ಮುರಿದ ಪಕ್ಕೆಯಲ್ಲೇ ಎದ್ದು ಕುಣಿಯಬೇಕೆನಿಸಿತು. ಎಡಗೈಯಿಂದ ಸಹಿ ಹಾಕಿದೆ. ಜಿರಲೆ ಹರಿದಾಡಿದ ಹಾಗೆ ಬಂತು. "ಭಾಳ ಛಂದ ಐತ್ರಿ ಅಜ್ಜಾರ" ಅಂದರು ಅವರು.

ಮೊಬೈಲಿನಲ್ಲಿ ಶೂಟಿಂಗ್ ಮಾಡಿದವನ ವಿಡಿಯೋದಲ್ಲೇ ಎಲ್ಲರ ಮುಖ ಸಿಕ್ಕವು. ಗೆಳೆಯನ ಮಗನನ್ನೂ ಹಿಡಿದರು. ಗೆಳೆಯ ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ನಾನು ಕೂಗಿ ಕರೆಯುತ್ತೇನೆ, ಅವನು ನಿಲ್ಲುವುದಿಲ್ಲ. ಅದು ಒಂದು ಏಟು ಇನ್ನೂ ಬೀಳುತ್ತಲೇ ಇದೆ.

ಮನೆಗೆ ಬಂದು ಬಹಳ ದಿನ ನಾನು ಬಾಗಿಲಲ್ಲಿ ಕುಳಿತೆ. ಮಗಳು ದಿನಾ ಫೋನಿನಲ್ಲಿ, ಅಜ್ಜ ಕಳ್ಳ ಅಲ್ಲವೆಂದು ಕೂಸಿಗೆ ತಿಳಿಸಿ ಹೇಳುತ್ತಿದ್ದೇನೆ ಅನ್ನುತ್ತಿದ್ದಳು. ಕೂಸು ಮಾತ್ರ ಫೋನಿನ ಹತ್ತಿರ ಬರುತ್ತಿರಲಿಲ್ಲ. ಬಾಣಂತನ ಮುಗಿಸಿ ಮಗಳು ಕೊನೆಗೆ ಇಬ್ಬರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಸಣ್ಣದನ್ನು ನಮ್ಮಾಕೆ ಎತ್ತಿಕೊಂಡು ಒಳಗೆ ಹೋದಳು. ದೊಡ್ಡದು ಅಂಗಳದಲ್ಲಿ ನಿಂತೇ ಇತ್ತು, ಅವ್ವನ ಸೀರೆ ಬಿಟ್ಟು, ಆದರೆ ಹೊಸ್ತಿಲಿಗೆ ಬಾರದೆ. ನಾನು ಕರೆಯಲಿಲ್ಲ. ಕರೆದರೆ ಓಡಿಹೋದೀತೆಂದು ನನ್ನ ಜೀವ ಅಂಗೈಯಲ್ಲಿತ್ತು.

"ಪೊಲೀಸರು ನಿನ್ನ ಹಿಡಕೊಂಡ ಹೋಗಿದ್ರಾ?" ಅಂತ ಕೇಳಿದಳು.

"ಇಲ್ಲವ್ವಾ. ನನ್ನ ಹೊಡದವರನ್ನ ಹಿಡದ್ರು."

"ಯಾಕ?"

"ಯಾರನ್ನೂ ಹಂಗ ಹೊಡೀಬಾರದು. ಅದಕ್ಕ."

ಯೋಚನೆ ಮಾಡಿದಳು. ಕಾಲಿನಿಂದ ಮಣ್ಣು ಕೆರೆದಳು. ಒಂದು ಹೆಜ್ಜೆ ಹತ್ತಿರ ಬಂದಳು.

"ಪೊಲೀಸರು ಅವರಿಗೆ ಭಾಳ ಹೊಡದ್ರೇನು?"

ಹೌದು ಅನ್ನಬೇಕೆಂದು ನನ್ನ ಪಕ್ಕೆಲುಬು ಕೂಗಿತು. ಖಂಡಿತ ಕೂಗಿತು, ಸುಳ್ಳು ಯಾಕೆ ಹೇಳಲಿ.

"ಇಲ್ಲ. ಅವರಿಗೂ ಹೊಡಿಯೂ ಹಂಗಿಲ್ಲ. ಜಡ್ಜ ಸಾಹೇಬ್ರು ಕೇಳ್ತಾರ, ಯಾಕ ಹೊಡದಿರಿ ಅಂತ."

"ಜಡ್ಜಗೂ ಯಾರೂ ಹೊಡೆಂಗಿಲ್ಲ?"

"ಜಡ್ಜಗೂ ಹೊಡೆಂಗಿಲ್ಲ."

"ನಿನಗೂ?"

"ನನಗೂ."

"ನನಗೂ?"

"ನಿನ್ನ ಮೈಮ್ಯಾಲ ಕೈ ಎತ್ತಿದವ್ರ ಗತಿ ನೋಡು!" ಎಂದು ನಾನು ಗದರಿದಾಗ ಅವಳು ಕಿಲಕಿಲ ನಕ್ಕಳು. ಹೊಸ್ತಿಲು ಏರಿ ಬಂದು, ಬೆನ್ನು ತಿರುಗಿಸಿ, ಹಳೆಯ ಹಾಗೆ ನನ್ನ ತೊಡೆಯ ಮೇಲೆ ದೊಪ್ಪನೆ ಕುಳಿತಳು. ಇನ್ನೂ ಪೂರ್ತಿ ಕೂಡದ ಪಕ್ಕೆಗೆ ಅವಳ ತಲೆ ಬಡಿದು ಕಣ್ಣಲ್ಲಿ ನೀರು ಚಿಮ್ಮಿತು. "ಸರಿ ಕುಂದ್ರ ಅಂತ ಹೇಳ್ರಿ ಆಕೀಗೆ, ನೋವಾಗತೈತಿ ನಿಮಗ" ಎಂದು ಒಳಗಿಂದ ನಮ್ಮಾಕೆ ಕೂಗಿದಳು. ನಾನು ಹೇಳಲಿಲ್ಲ. ಹೇಳುತ್ತೇನೆಯೇ?